ವರ್ಷಕ್ಕೆ ಹನ್ನೆರಡು

ಸಿಂದಗಿಯ ಸರಕಾರಿ ದವಾಖಾನೆಯಲ್ಲಿ ಔಷಧ ಕೊಡುವ ಕಿಟಕಿಯೊಂದಿದೆ. ಅದರ ಹಿಂದೆ ಕೂರುವ ನಿಷತ ದಿನಕ್ಕೆ ಇನ್ನೂರು ಸಲವಾದರೂ ಆಡುವ ಮಾತು ಒಂದೇ. "ಇದು ಊಟಕ್ಕಿಂತ ಮೊದಲ, ಇದು ಊಟ ಆದ ಮ್ಯಾಲ." ಕಿಟಕಿ ಚಿಕ್ಕದು, ಹೊರಗೆ ನಿಂತವರ ಮುಖ ಅವಳಿಗೆ ಪೂರ್ತಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಕೈಗಳು. ಮಣ್ಣು ಮೆತ್ತಿದ ಕೈ, ಹಸಿರು ಬಳೆಯ ಕೈ, ಸಲಾಯಿನ್ ಚುಚ್ಚಿ ಊದಿಕೊಂಡ ಕೈ. ಗುಳಿಗೆ ಇಸಿದುಕೊಂಡು ಒಂದು ಕೈ ಹಿಂದೆ ಸರಿದರೆ ಇನ್ನೊಂದು ಮುಂದೆ ಬರುತ್ತಿತ್ತು. ಸಂಜೆ ನಾಲ್ಕೂವರೆಗೆ ಕಿಟಕಿ ಮುಚ್ಚಿ ಮನೆಗೆ ಹೋದಳೆಂದರೆ, ಮರುದಿನ ಮುಂಜಾನೆ ಒಂಬತ್ತರ ತನಕ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅವಳಿಗೆ ನಲವತ್ತಮೂರು ವರ್ಷ. ತವರು ಮುದ್ದೇಬಿಹಾಳ. ಮೆಟ್ರಿಕ್‌ನಲ್ಲಿ ಕನ್ನಡಕ್ಕೆ ಸಾಲೆಗೇ ಮೊದಲು ಬಂದಿದ್ದಳು, ಮುಂದೆಯೂ ಕನ್ನಡವನ್ನೇ ಓದುವ ಆಸೆ ಇತ್ತು. ಅಪ್ಪ ಮಾತ್ರ, ಕನ್ನಡ ಮನೆಯಲ್ಲೂ ಮಾತಾಡಬಹುದು, ಹೊಟ್ಟೆಗಾಗುವಂಥದು ಕಲಿ ಎಂದು ಫಾರ್ಮಸಿಗೆ ಹಚ್ಚಿದ. ಇಪ್ಪತ್ತನಾಲ್ಕಕ್ಕೆ ಕಲಬುರ್ಗಿಗೆ ಮದುವೆ ಮಾಡಿಕೊಟ್ಟರು. ಮೂರು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ಹಿಂದಿರುಗಿದಳು. ಮಕ್ಕಳಾಗಲಿಲ್ಲ ಎಂಬುದು ಹೇಳಲಿಕ್ಕೆ ಒಂದು ಕಾರಣ. ಗಂಡ ಅದೇ ವರ್ಷ ಇನ್ನೊಬ್ಬಳನ್ನು ನಿಕಾ ಮಾಡಿಕೊಂಡ. ಅಪ್ಪ ಅಮ್ಮ ಹೋದ ಮೇಲೆ ಮುದ್ದೇಬಿಹಾಳದ ಮನೆ ಅಣ್ಣ ನಿಜಾಮುದ್ದೀನನದಾಯಿತು. ನೌಕರಿ ಅವಳನ್ನು ಊರೂರು ತಿರುಗಿಸಿ ಆರು ವರ್ಷದ ಹಿಂದೆ ಸಿಂದಗಿಗೆ ತಂದಿತ್ತು. ಗುರುಲಿಂಗಪ್ಪ ಎಂಬುವರ ಮನೆಯ ಮಾಳಿಗೆ ಮೇಲಿನ ಎರಡು ಕೋಣೆ ಅವಳ ಸಂಸಾರ. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಮಂಚ.

ಡಿಸೆಂಬರಿನ ಒಂದು ಸಂಜೆ ತಾಲೂಕು ಗ್ರಂಥಾಲಯದಲ್ಲಿ ಪೇಪರು ಓದಲು ಹೋದಾಗ ಗೋಡೆಗೆ ಹಚ್ಚಿದ ಒಂದು ಹಾಳೆ ಕಂಡಿತು. ದುಂಡು ಅಕ್ಷರದಲ್ಲಿ, ಕೈಯಿಂದಲೇ ಬರೆದದ್ದು. 'ವರ್ಷಕ್ಕೆ ಹನ್ನೆರಡು. ತಿಂಗಳಿಗೊಂದು ಹಳೆಯ ಗ್ರಂಥ ಓದುವ ಪಂಥ. ಒಂದು ಪದ್ಯವನ್ನೂ ಬಿಡುವಂತಿಲ್ಲ. ಓದಿದ ಮೇಲೆ ಒಂದು ಹಾಳೆ ಬರೆಯಬೇಕು. ತಿಂಗಳ ಕೊನೆಯ ರವಿವಾರ ಸೇರಬೇಕು: ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ, ಸರದಿಯಂತೆ.' ಕೆಳಗೆ ಬಸವನ ಬಾಗೇವಾಡಿಯ ನಿವೃತ್ತ ಕನ್ನಡ ಉಪನ್ಯಾಸಕಿ ವಿದ್ಯಾವತಿಯವರ ಹೆಸರು, ಫೋನ್ ನಂಬರು. ನಿಷತ ಅದನ್ನು ಎರಡು ಸಲ ಓದಿ ಮನೆಗೆ ಹೋದಳು. ಮರುದಿನ ಮತ್ತೆ ಬಂದು ನಂಬರು ಬರೆದುಕೊಂಡಳು.

ಜನವರಿಯ ಮೊದಲ ಸಭೆ ಬಾಗೇವಾಡಿಯ ಸಾಲೆಯೊಂದರಲ್ಲಿ ನಡೆಯಿತು. ಇಪ್ಪತ್ತೇಳು ಮಂದಿ ಬಂದಿದ್ದರು. ಮಾಸ್ತರರು, ವಕೀಲರು, ಸಿಂದಗಿಯ ಬ್ಯಾಂಕಿನ ಅನೀಲಕುಮಾರ, ಇಬ್ಬರು ಪಿಎಚ್‌ಡಿ ಹುಡುಗಿಯರು. ಎಲ್ಲರೂ ಫೋಟೋ ತೆಗೆಸಿಕೊಂಡರು, ಉಪ್ಪಿಟ್ಟು ತಿಂದರು. ವ್ಹಾಟ್ಸ್ಯಾಪಿನಲ್ಲಿ ಒಂದು ಗುಂಪಾಯಿತು. ವಿದ್ಯಾವತಿಯವರು ಅರವತ್ತೆಂಟರ ಹೆಂಗಸು, ದಪ್ಪ ಕನ್ನಡಕ, ಇಳಕಲ್ ಸೀರೆ, ನಿಂತು ಮಾತಾಡಿದರೆ ಹಿಂದಿನ ಬೆಂಚಿಗೂ ಕೇಳುವ ದನಿ. ನಿಷತಳ ಹೆಸರು ಕೇಳಿದವರೇ, "ಹಳಗನ್ನಡ ಮೊದಲ ಓದೀಯೇನು?" ಎಂದರು.

"ಇಲ್ರಿ ಅಕ್ಕಾರ. ಸಾಲ್ಯಾಗ ಪಾಠಕ್ಕ ಇದ್ದಷ್ಟ."

"ಹಂಗಾರ ಬಾಯಿ ಬಿಟ್ಟು ಓದು. ಕಣ್ಣೀಲೆ ಓದಿದ್ರ ತಿಳಿಯೂದಿಲ್ಲ ಅದು. ಕಿವೀಲೆ ತಿಳಿಯೂ ಭಾಷಾ."

ಮೊದಲ ಪುಸ್ತಕ ಷಟ್ಪದಿಯಲ್ಲಿ ಬರೆದ ಒಂದು ಯುದ್ಧದ ಕಾವ್ಯ. ಒಂದು ಪದ್ಯಕ್ಕೆ ಅರ್ಧ ತಾಸು ಹಿಡಿಯಿತು. ಎಲ್ಲಿ ಒಂದು ಶಬ್ದ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಗ್ರಂಥಾಲಯದಿಂದ ತಂದ ನಿಘಂಟನ್ನು ಮಗ್ಗುಲಿಗೆ ಇಟ್ಟುಕೊಂಡು, ಸಂಜೆಯ ಮಗ್ರಿಬ್ ನಮಾಜು ಮುಗಿಸಿ, ದಿನವೂ ಒಂದೂವರೆ ತಾಸು ಮಂಚದ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಮೊದಮೊದಲು ತನ್ನ ದನಿಗೆ ತಾನೇ ಬೆಚ್ಚಿದಳು. ಆ ಕೋಣೆಯಲ್ಲಿ ಅಷ್ಟು ಹೊತ್ತು ಯಾರೂ ಮಾತಾಡಿದ್ದಿಲ್ಲ. ಮೂರನೆಯ ವಾರದಲ್ಲಿ, ಬಾಣ ತಾಗಿದ ಆನೆಯೊಂದು ಮುಗ್ಗರಿಸಿ ಬೀಳುವ ಪದ್ಯ ಬಂತು. ನಿಘಂಟು ನೋಡದೆಯೇ ಅದು ಬಿದ್ದದ್ದು ಅವಳಿಗೆ ಕೇಳಿಸಿತು. ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೋಣೆಯ ಆಚೀಚೆ ನೋಡಿದಳು, ಯಾರಿಗಾದರೂ ಹೇಳಬೇಕೆನಿಸಿತು. ಆ ತಿಂಗಳ ಹಾಳೆಯಲ್ಲಿ ಆನೆಯ ಬಗ್ಗೆಯೇ ಬರೆದಳು.

ಫೆಬ್ರುವರಿಯಲ್ಲಿ ಮುದ್ದೇಬಿಹಾಳಕ್ಕೆ ಹದಿನಾಲ್ಕು ಮಂದಿ ಬಂದರು. ಮಾರ್ಚಿನ ಸಭೆ ಸಿಂದಗಿಯಲ್ಲಿ. ಊಟದ ವ್ಯವಸ್ಥೆ ತನ್ನದು ಎಂದು ನಿಷತ ಒಪ್ಪಿಕೊಂಡಿದ್ದಳು. ನಸುಕಿನಲ್ಲಿ ಎದ್ದು ನಲವತ್ತು ಸಜ್ಜಿ ರೊಟ್ಟಿ ಬಡಿದಳು. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಗ್ರಂಥಾಲಯದ ಹಿಂದಿನ ಹಾಲಿಗೆ ಹೋಗಿ ಚಾಪೆ ಹಾಸಿ ಕಾದಳು. ಹನ್ನೊಂದಾಯಿತು, ಹನ್ನೆರಡಾಯಿತು. ಬಂದವರು ವಿದ್ಯಾವತಿ, ಅನೀಲಕುಮಾರ ಮತ್ತು ಇಂಡಿಯ ಕಡೆಯ ಒಬ್ಬ ಮಾಸ್ತರರು. ಅನೀಲಕುಮಾರ ಮುನ್ನುಡಿಯನ್ನಷ್ಟೇ ಓದಿದ್ದ. "ಇಯರ್ ಎಂಡಿಂಗ್ ಕೆಲಸ್ರಿ, ಟೈಮ ಸಿಗವಲ್ದು," ಎಂದು ರೊಟ್ಟಿಯನ್ನು ಬಹಳ ಹೊಗಳಿ, ಊಟವಾದ ಅರ್ಧ ತಾಸಿಗೆ ಎದ್ದು ಹೋದ. ಉಳಿದ ರೊಟ್ಟಿಯನ್ನು ನಿಷತ ದವಾಖಾನೆಯ ಒಳರೋಗಿಗಳ ಕಡೆಯವರಿಗೆ ಹಂಚಿದಳು.

ಏಪ್ರಿಲಿನಲ್ಲಿ ಇಂಡಿಗೆ ಹೋದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಹೇಳಿದ ಜಾಗದಲ್ಲಿ ಕಾದು ಕಾದು, ಕಡೆಗೆ ವಿದ್ಯಾವತಿ, ನಿಷತ ಇಬ್ಬರೇ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ನಿಂಬೆಹಣ್ಣಿನ ಶರಬತ್ತು ಕುಡಿಯುತ್ತ ಕೂತರು. ಆ ಮಧ್ಯಾಹ್ನ ನಾಲ್ಕನೆಯ ಪುಸ್ತಕದ ಬಗ್ಗೆ ಮೂರು ತಾಸು ಮಾತಾಡಿದರು. ಅಂಗಡಿಯವನು ಎರಡು ಸಲ ಗ್ಲಾಸು ತೆಗೆದುಕೊಂಡು ಹೋಗಿ ಮೂರನೆಯ ಸಲ ಏನೂ ಕೇಳದೆ ಇನ್ನೆರಡು ತಂದಿಟ್ಟ.

"ನಾವಿಬ್ಬರ ಉಳದೀವಿ ನೋಡು," ಎಂದರು ವಿದ್ಯಾವತಿ.

"ನೀವ ಬಿಟ್ರ ನಾನೂ ಬಿಡ್ತೇನ್ರಿ ಅಕ್ಕಾರ," ಎಂದು ನಿಷತ ನಕ್ಕಳು. ಅವರು ನಗಲಿಲ್ಲ.

ಮೇ ತಿಂಗಳಲ್ಲಿ ವಿದ್ಯಾವತಿಯವರು ಗುಂಪಿಗೆ ಬರೆದರು: ಬಿಸಿಲು ಹೆಚ್ಚಾಗಿದೆ, ಇನ್ನು ಮೇಲೆ ಸಭೆ ಬೇಡ, ಎಲ್ಲರೂ ಮನೆಯಲ್ಲೇ ಓದಿ ಹಾಳೆ ಕಳಿಸಿ, ವರ್ಷದ ಕೊನೆಗೆ ಇಂಡಿಯಲ್ಲಿ ಒಮ್ಮೆ ಸೇರೋಣ. ಎಲ್ಲರೂ ಒಪ್ಪಿಗೆಯ ಹೆಬ್ಬೆಟ್ಟಿನ ಚಿತ್ರ ಒತ್ತಿದರು. ಹಾಳೆ ಕಳಿಸಿದವಳು ನಿಷತ ಒಬ್ಬಳೇ. ಅವಳ ಹಾಳೆ ಹೋದ ಎರಡು ದಿನಕ್ಕೆ ತಪ್ಪದೆ ವಿದ್ಯಾವತಿಯವರ ಉತ್ತರ ಬರುತ್ತಿತ್ತು, ಅದರಲ್ಲಿ ಒಂದೇ ಒಂದು ಪ್ರಶ್ನೆ. 'ದೂತ ಬಂದು ನಿಂತಾಗ ಅರಸ ಯಾಕೆ ನಗುತ್ತಾನೆ?' 'ತಾಯಿ ಅಳುವುದನ್ನು ಕವಿ ಯಾಕೆ ಹೇಳುವುದಿಲ್ಲ?' ಆ ಪ್ರಶ್ನೆಯನ್ನು ನಿಷತ ಕಿಟಕಿಯ ಹಿಂದೆ ಕೂತು ದಿನಗಟ್ಟಲೆ ಮೆಲುಕು ಹಾಕುತ್ತಿದ್ದಳು. ಊಟಕ್ಕಿಂತ ಮೊದಲ, ಊಟ ಆದ ಮ್ಯಾಲ, ಅರಸ ಯಾಕ ನಕ್ಕ? ಉತ್ತರ ಹೊಳೆದ ದಿನ ದವಾಖಾನೆಯಿಂದ ಮನೆಗೆ ಓಡುತ್ತ ಹೋಗಿ ಬರೆಯುತ್ತಿದ್ದಳು. ಅರವತ್ತು ಕಿಲೋಮೀಟರಿನ ಆಚೆ ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬ ಹೆಂಗಸು ಅದೇ ಪುಸ್ತಕದ ಅದೇ ಪುಟ ತೆರೆದು ಕೂತಿದ್ದಾಳೆ ಎಂದು ನೆನೆದರೆ ಸಂಜೆ ಬೇಗ ಹೋಗುತ್ತಿತ್ತು.

ಜುಲೈಯಲ್ಲಿ ಒಂದು ದಿನ ಕೆಳಗಿನ ಮನೆಯ ಲಕ್ಕವ್ವ, ಗುರುಲಿಂಗಪ್ಪನವರ ಹೆಂಡತಿ, ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲೇ ನಿಂತಳು. ಹೇಳಲೋ ಬೇಡವೋ ಎಂದು ಸೆರಗು ತಿರುವಿದಳು.

"ತಪ್ಪ ತಿಳ್ಕೋಬ್ಯಾಡ ಯವ್ವಾ. ದಿನಾ ಸಂಜೀಕ ಪೋನಿನ್ಯಾಗ ಯಾರ ಕೂಡ ಅಷ್ಟೊತ್ತು ಮಾತಾಡ್ತಿ? ಓಣ್ಯಾಗಿನ ಮಂದಿ ಕೇಳಾಕತ್ತಾರ."

ನಿಷತಳಿಗೆ ನಗು ಬಂತು. ಒಳಗೆ ಕರೆದು ಪುಸ್ತಕ ತೋರಿಸಿದಳು, ಎರಡು ಪದ್ಯ ಓದಿಯೂ ತೋರಿಸಿದಳು. ಲಕ್ಕವ್ವ ಕೇಳಿದಳು, ಪುಸ್ತಕ ನೋಡಿದಳು, ಒಬ್ಬಳೇ ಮಲಗುವ ಆ ಮಂಚ ನೋಡಿದಳು.

"ಒಬ್ಬಾಕಿನ ಕುಂತು ಮಾತಾಡ್ಕೋತೀಯೇನವ್ವಾ? ಪೋನಿನ್ಯಾಗ ಯಾರರ ಇದ್ದಿದ್ರ ಚಲೋ ಇತ್ತು," ಎಂದು ಇಳಿದು ಹೋದಳು.

ಅಂದು ನಿಷತ ದನಿ ತಗ್ಗಿಸಿ ಓದಿದಳು. ಮಾರನೆಯ ದಿನ ಮತ್ತೆ ಎತ್ತರಿಸಿದಳು.

ಅಕ್ಟೋಬರಿನ ಪುಸ್ತಕ ಹತ್ತನೆಯದು, ಬಹಳ ಮಂದಿ ಕೇಳಿಯೂ ಇರದ ಒಂದು ಚಂಪೂ ಕಾವ್ಯ. ಒಬ್ಬ ಅರಸ ಯಾರದೋ ಚಾಡಿ ಮಾತು ನಂಬಿ ರಾಣಿಯನ್ನು ಊರು ಬಿಡಿಸುತ್ತಾನೆ. ಒಂಬತ್ತು ವರ್ಷದ ಮೇಲೆ ಅವಳು ಹೂಗಾರತಿಯ ವೇಷದಲ್ಲಿ ಅದೇ ಊರಿಗೆ ಬರುತ್ತಾಳೆ. ಅಂದು ಅರಸನ ಎರಡನೆಯ ಮದುವೆ. ಮದುವೆಯ ಮಾಲೆ ಕಟ್ಟುವ ಕೆಲಸ ಇವಳ ಪಾಲಿಗೆ ಬರುತ್ತದೆ. ಮಾಲೆ ಕಟ್ಟಿ ಬುಟ್ಟಿಯಲ್ಲಿಟ್ಟು ಅರಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಗ್ರಂಥಾಲಯದ ಪ್ರತಿಯಲ್ಲಿ ಅಲ್ಲಿಂದ ಮುಂದಿನ ಹದಿನಾರು ಪುಟ ಇರಲಿಲ್ಲ. ಯಾರೋ ಕಿತ್ತಿದ್ದರು. ಅದರ ನಂತರದ್ದು ಬೇರೆ ಕಥೆ, ಅರಸನ ಮಗನ ದಿಗ್ವಿಜಯ.

ಆ ಪುಟಗಳ ಫೋಟೋ ಕಳಿಸುವಿರಾ ಎಂದು ನಿಷತ ವಿದ್ಯಾವತಿಯವರಿಗೆ ಬರೆದಳು. 'ಬೇರೆ ಕಡೆ ಹುಡುಕು, ಸಿಗುತ್ತದೆ' ಎಂದು ಉತ್ತರ ಬಂತು. ಹುಡುಕಿದಳು, ಸಿಗಲಿಲ್ಲ. ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಅಕ್ಕಾರು ಬೇಸರ ಮಾಡಿಕೊಂಡರೇನೋ ಎಂದುಕೊಂಡು, ತಿಂಗಳ ಕೊನೆಯ ರವಿವಾರ ಮುಂಜಾನೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಹಿಪ್ಪರಗಿಯ ಮೇಲೆ ಹಾಯ್ದು ಬಾಗೇವಾಡಿಗೆ ಹೋಗುವ ಬಸ್ಸು ಹತ್ತಿದಳು.

ವಿದ್ಯಾವತಿಯವರು ಇರುತ್ತಿದ್ದುದು ತಮ್ಮನ ಮನೆಯಲ್ಲಿ. ತಮ್ಮನ ಸೊಸೆ ಬಾಗಿಲು ತೆರೆದು, ಹೆಸರು ಕೇಳಿದೊಡನೆ, "ಅಯ್ಯ, ನೀವೇನ್ರಿ! ನಿಮ್ಮ ಹಾಳಿ ಓದಿ ಹೇಳಾಕಿ ನಾನ ನೋಡ್ರಿ," ಎಂದಳು. ನಿಷತಳಿಗೆ ಏನೂ ತಿಳಿಯಲಿಲ್ಲ. ಒಳಕೋಣೆಯ ಕಿಟಕಿಯ ಬಳಿ ವಿದ್ಯಾವತಿ ಕುರ್ಚಿಯಲ್ಲಿ ಕೂತಿದ್ದರು. ಕನ್ನಡಕವಿರಲಿಲ್ಲ. ಹೆಜ್ಜೆಯ ಸಪ್ಪಳಕ್ಕೆ ಮುಖವನ್ನೇನೋ ತಿರುಗಿಸಿದರು, ಆದರೆ ನಿಷತ ನಿಂತಲ್ಲಿಗಿಂತ ಒಂದು ಮೊಳ ಆಚೆಗೆ ನೋಡಿದರು.

"ಯಾರು?"

"ನಾನ್ರಿ ಅಕ್ಕಾರ. ನಿಷತ."

ಅವರು ಕೈಯಿಂದ ತಡವಿ ಮೇಜಿನ ಅಂಚು ಹಿಡಿದರು. ಮೇಜಿನ ಮೇಲೆ ಪಂಥದ ಹನ್ನೆರಡೂ ಪುಸ್ತಕಗಳಿದ್ದವು, ಧಾರವಾಡದಿಂದ ತರಿಸಿದವು. ಐದು ಬಿಡಿಬಿಡಿಯಾಗಿದ್ದವು. ಉಳಿದ ಏಳು ಅಂಗಡಿಯವನು ಕಟ್ಟಿದ ದಾರದಲ್ಲೇ ಇದ್ದವು, ಗಂಟು ಬಿಚ್ಚಿರಲಿಲ್ಲ.

"ಜೂನಿನ್ಯಾಗ ಹೋತು," ಎಂದರು ಕಡೆಗೆ. "ಸಕ್ರಿ ಬ್ಯಾನಿ. ಮೊದಲ ಒಂದು ಕಣ್ಣು, ಹದಿನೈದು ದಿನಕ್ಕ ಇನ್ನೊಂದು. ಹುಬ್ಬಳ್ಳಿಗೂ ಹೋಗಿ ಬಂದ್ವಿ. ಬೆಳಕು ಕತ್ತಲಿ ಅಷ್ಟ ತಿಳೀತೈತಿ ಈಗ."

"ಮತ್ತ ಪ್ರಶ್ನೆ ಕೇಳ್ತಿದ್ರೆಲ್ಲಾ?"

"ನೀ ಬರದಿದ್ದು ಇಕಿ ಓದಿ ಹೇಳ್ತಿದ್ಳು. ನಿನ್ನ ಹಾಳ್ಯಾಗಿಂದನ ಒಂದು ಎಳಿ ಹಿಡದು ಕೇಳ್ತಿದ್ದೆ. ಮೂವತ್ತೈದು ವರ್ಷ ಪಾಠಾ ಹೇಳಿದಾಕಿ, ಅಷ್ಟು ಬರತೈತಿ." ಮುಖ ಮೇಜಿನ ಕಡೆ ತಿರುಗಿಸಿ ಹೇಳಿದರು, "ಇವು ಹನ್ನೆರಡರಾಗ ಏಳು ಪುಸ್ತಕಾ ನಾ ಎಂದೂ ಓದಿದಾಕಿ ಅಲ್ಲ. ಸಿಲೆಬಸ್‌ನ್ಯಾಗ ಇರಲಿಲ್ಲ. ರಿಟಾಯರ್ ಆದ ಮ್ಯಾಲ ಓದೂಣು ಅಂತ ಇಟ್ಟಿದ್ದೆ. ಒಬ್ಬಾಕಿನ ಓದೂದು ಆಗಲಿಲ್ಲ, ಅದಕ್ಕ ಮಂದಿ ಕೂಡಿಸಿದೆ."

"ನನಗರ ಹೇಳಬೇಕಿತ್ತಲ್ರಿ."

"ಹೇಳಿದ್ರ ನೀ ಬಿಡ್ತಿದ್ದಿ. ನೀನ ಅಂದಿದ್ದಿ, ಇಂಡ್ಯಾಗ." ಅವರ ದನಿ ಸಣ್ಣದಾಯಿತು. "ಸುಳ್ಳ ಹೇಳೂದಿಲ್ಲ ನಿಷತ. ನಿನ್ನ ಸಲುವಾಗಿ ಅಷ್ಟ ಅಲ್ಲ. ತಿಂಗಳಾ ನಿನ್ನ ಹಾಳಿ ಬರತಿತ್ತಲ್ಲ, ಅದು ನಿಂತು ಹೋಗತೈತಿ ಅಂತ ಅಂಜಿಕಿ ಆತು."

ನಿಷತ ನಿಂತೇ ಇದ್ದಳು. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಮಂಚದ ಮೇಲೆ ಕೂತು, ಆಚೆ ಕಡೆಯೂ ಒಬ್ಬರು ಓದುತ್ತಿದ್ದಾರೆಂದು ನೆನೆದ ಸಂಜೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಲಕ್ಕವ್ವ ಹೇಳಿದ್ದು ಹಾಗಾದರೆ ಖರೆಯೇ. ಮರುಕಪಡಬೇಕಾದ ಹೊತ್ತಿನಲ್ಲಿ ತನಗೆ ಸಿಟ್ಟು ಬರುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ತಡೆಯಲಾಗಲಿಲ್ಲ.

"ಹಂಗಾರ ನಾನೊಬ್ಬಾಕಿನ ಓದಾಕತ್ತಿದ್ದೆ."

"ಹೌದವ್ವಾ."

"ಬರ್ತೇನ್ರಿ," ಎಂದು ಹೊರಟಳು. "ಆ ಗಂಟಿನ್ಯಾಗಿಂದು ಪುಸ್ತಕಾ ಒಯ್ಯವಾ," ಎಂದು ಅವರು ಕರೆದದ್ದು ಕೇಳಿಸಿತು. ಒಯ್ಯಲಿಲ್ಲ. ಸೊಸೆ ತಂದ ಚಹಾ ಕೂಡ ಕುಡಿಯಲಿಲ್ಲ. ಸ್ಟ್ಯಾಂಡಿನಲ್ಲಿ ನಿಂತಿದ್ದ ಮೊದಲ ಬಸ್ಸು ಹತ್ತಿಬಿಟ್ಟಳು, ಅದು ಮನಗೂಳಿಯದು. ಮನಗೂಳಿಯಲ್ಲಿ ಇಳಿದು, ಸುತ್ತು ಹಾಕಿ ಸಿಂದಗಿ ಸೇರಲು ವಿಜಯಪುರದ ಬಸ್ಸಿಗಾಗಿ ಒಂದು ತಾಸು ನಿಂತಳು. ಹೋಳಿಗೆಯ ಡಬ್ಬಿ ಕೈಯಲ್ಲೇ ಇತ್ತು, ಕೊಡುವುದು ಮರೆತೇ ಹೋಗಿತ್ತು. ಅಲ್ಲೇ ಬೇವಿನ ಗಿಡದ ಕೆಳಗೆ ನಿಂತು, ಹಸಿವಿಲ್ಲದಿದ್ದರೂ ಎರಡು ಹೋಳಿಗೆ ತಿಂದಳು.

ನವೆಂಬರಿನಲ್ಲಿ ಅವಳು ಓದಲಿಲ್ಲ. ಪುಸ್ತಕ ಗ್ರಂಥಾಲಯಕ್ಕೆ ಕೊಟ್ಟುಬಂದಳು. ಸಂಜೆ ಹೊತ್ತು ಟಿ.ವಿ. ಹಚ್ಚಿದಳು, ಧಾರಾವಾಹಿಯಲ್ಲಿ ಯಾರು ಯಾರ ಸೊಸೆ ಎಂದು ತಿಳಿಯುವಷ್ಟರಲ್ಲಿ ಬೇಜಾರಾಗಿ ಆರಿಸಿದಳು. ವಿದ್ಯಾವತಿಯವರಿಂದ ಒಂದು ಸಂದೇಶವೂ ಬರಲಿಲ್ಲ, ಇವಳೂ ಕಳಿಸಲಿಲ್ಲ. ಗುಂಪಿನಲ್ಲಿ ಅನೀಲಕುಮಾರ ದಿನಾ ಮುಂಜಾನೆ ಹೂವಿನ ಚಿತ್ರದ ಶುಭೋದಯ ಹಾಕುತ್ತಿದ್ದ.

ತಿಂಗಳ ಕೊನೆಗೆ ಅಣ್ಣನ ಮಗಳು ಯಾಸ್ಮಿನಳ ಮದುವೆ ಬಂತು. ನಾಲ್ಕು ದಿನ ರಜೆ ಹಾಕಿ ನಿಷತ ಮುದ್ದೇಬಿಹಾಳಕ್ಕೆ ಹೋದಳು. ಮನೆ ತುಂಬ ಮಂದಿ. ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದರು, "ಆರಾಮ ಅದೀಯೇನು?" ಎಂದು ಕೇಳಿ, ಉತ್ತರ ಬರುವುದರೊಳಗೆ ಇನ್ನೊಬ್ಬರ ಕಡೆ ತಿರುಗಿದರು. ಯಾರಿಂದಲೋ ಸುದ್ದಿ ತಿಳಿದಿದ್ದ ನಿಜಾಮುದ್ದೀನ, "ಅದೇನೋ ಹಳೀ ಪುಸ್ತಕಾ ಓದಾಕತ್ತೀಯಂತಲ್ಲ, ಅದರಿಂದ ಪ್ರಮೋಶನ್ ಐತೇನು?" ಎಂದ. ಇಲ್ಲವೆಂದಾಗ, "ಇರಲಿ ಬಿಡು, ಹೊತ್ತರ ಹೋಗತೈತಿ," ಎಂದು ಅಡುಗೆಯವರ ಕಡೆ ಹೋದ. ಮದುಮಗಳಿಗೆ ಅರಿಶಿಣ ಹಚ್ಚುವಾಗ ಮುಂದೆ ಹೋಗಬೇಕೋ ಬೇಡವೋ ಎಂದು ನಿಷತ ಹಿಂದೆಯೇ ನಿಂತಳು. ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ನಿಕಾದ ಹಿಂದಿನ ಮಧ್ಯಾಹ್ನ ಅಮ್ಮನ ತಂಗಿ ಖಾತುನಬಿ ಖಾಲಾ ಹಿತ್ತಲಿನ ಕಟ್ಟೆಯ ಮೇಲೆ ಕೂತು ಮದುಮಗನ ಮುಖಕ್ಕೆ ಇಳಿಬಿಡುವ ಸೆಹರಾಕ್ಕೆ ಮಲ್ಲಿಗೆ ಪೋಣಿಸುತ್ತಿದ್ದಳು. ಎಪ್ಪತ್ತೈದು ದಾಟಿದ ಮುದುಕಿ, ಮಾತು ಮೊದಲಿನಿಂದಲೂ ಖಾರ. ಸೂಜಿಗೆ ದಾರ ಹಾಕಿಕೊಡಲು ನಿಷತ ಮಗ್ಗುಲಿಗೆ ಕೂತಳು. ಬುಟ್ಟಿ ತುಂಬ ಹೂ ನೋಡುತ್ತ ಬಾಯಿಗೆ ತಾನಾಗಿ ಬಂತು. "ಖಾಲಾ, ಒಬ್ಬ ರಾಣಿ ಇದ್ಳಂತ," ಎಂದಳು. ಅರಸ ಬಿಟ್ಟದ್ದು, ಒಂಬತ್ತು ವರ್ಷ, ಹೂಗಾರತಿಯ ವೇಷ, ಅವನದೇ ಮದುವೆಗೆ ಇವಳು ಮಾಲೆ ಕಟ್ಟಿದ್ದು. ಖಾಲಾ ಸೂಜಿ ನಿಲ್ಲಿಸಿದಳು.

"ಬುಟ್ಟಿ ತಗೊಂಡು ಬಾಗಲದಾಗ ನಿಂತಳು ಖಾಲಾ."

"ಹೂಂ. ಮುಂದ?"

"ಮುಂದ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ?"

"ಹಾಳಿ ಹರದಿದ್ದು. ಓದಿಲ್ಲ."

ಖಾಲಾ ಸೂಜಿಯನ್ನು ಹೂವಿಗೆ ಚುಚ್ಚಿ ಕೆಳಗಿಟ್ಟಳು. "ಎಂಥಾ ಹುಡುಗಿ ನೀನು! ಅಷ್ಟು ದೂರ ನಡಸ್ಕೊಂಡು ಬಂದು ಆಕೀನ್ನ ಬಾಗಲದಾಗ ನಿಂದ್ರಿಸಿ ಬಿಟ್ಟಿಯೇನು? ಒಳಗ ಹೋದಳೋ ಇಲ್ಲೋ? ಅಂವ ಗುರತಾ ಹಿಡದನೋ ಇಲ್ಲೋ? ಓದಿಲ್ಲಂದ್ರ ಯಾಕ ಸುರು ಮಾಡಿದಿ? ತಿಳ್ಕೊಂಡು ಹೇಳು ನನಗ. ಪೋನ್ ಮಾಡು."

ಮದುವೆ ಮುಗಿಸಿ ಸಿಂದಗಿಗೆ ಬಂದ ದಿನ ನಿಷತ ವಿದ್ಯಾವತಿಯವರ ನಂಬರಿಗೆ ಬರೆದಳು. 'ಹತ್ತನೆಯ ಪುಸ್ತಕದ 113ರಿಂದ 128ರವರೆಗೆ ಪುಟ ಬೇಕಾಗಿತ್ತು.' ಕ್ಷಮೆ ಕೇಳಲಿಲ್ಲ, ಬೇರೆ ಏನೂ ಬರೆಯಲಿಲ್ಲ. ಅರ್ಧ ತಾಸಿಗೆ ಫೋಟೋಗಳು ಒಂದೊಂದಾಗಿ ಬರಲು ಶುರುವಾದವು. ಪ್ರತಿಯೊಂದರ ಮೂಲೆಯಲ್ಲಿ ಆ ಸೊಸೆಯ ಹೆಬ್ಬೆರಳು, ಕೆಲವು ಓರೆಯಾಗಿ, ಕೆಲವಕ್ಕೆ ನೆರಳು ಬಿದ್ದಿತ್ತು. ಹದಿನಾರೂ ಬಂದವು. ಗಂಟು ಬಿಚ್ಚಿದ್ದರು.

ಆ ಸಂಜೆ ಅವಳು ಫೋನನ್ನು ಮುಖಕ್ಕೆ ಹಿಡಿದುಕೊಂಡು ಗಟ್ಟಿಯಾಗಿ ಓದಿದಳು. ಹೂಗಾರತಿ ಒಳಗೆ ಹೋಗುತ್ತಾಳೆ. ಅರಸ ಮಾಲೆ ಎತ್ತಿಕೊಳ್ಳುತ್ತಾನೆ. ಗಂಟಿನ ಮೇಲೆ ಅವನ ಬೆರಳು ನಿಲ್ಲುತ್ತದೆ. ಹಾಗೆ ಗಂಟು ಹಾಕುವವಳು ಅವನಿಗೆ ಗೊತ್ತಿದ್ದವಳು ಒಬ್ಬಳೇ. ತಲೆ ಎತ್ತುವಷ್ಟರಲ್ಲಿ ಅವಳು ಬಾಗಿಲು ದಾಟಿರುತ್ತಾಳೆ. ಹೆಸರು ಹಿಡಿದು ಕೂಗುತ್ತಾನೆ. ಅವಳು ತಿರುಗುವುದಿಲ್ಲ. ಅಲ್ಲಿಂದ ಮುಂದೆ ಹತ್ತು ಪದ್ಯ ಕವಿ ಅವಳ ಮನಸ್ಸಿನ ಸುದ್ದಿಯನ್ನೇ ತೆಗೆಯುವುದಿಲ್ಲ. ಅವಳು ನಡೆಯುವ ದಾರಿ, ದಾರಿಯ ಮರ, ಕೆರೆಯ ಏರಿ, ಕಾಲಿಗೆ ಮೆತ್ತುವ ಕೆಸರು, ಇಷ್ಟೇ.

ಮರುದಿನ ಖಾಲಾಗೆ ಫೋನು ಮಾಡಿ ಹೇಳಿದಳು.

"ಕರದ್ರೂ ತಿರುಗಿ ನೋಡಲಿಲ್ಲಾ?"

"ಇಲ್ಲ ಖಾಲಾ."

"ಚಲೋ ಮಾಡಿದ್ಲು," ಎಂದಳು ಖಾಲಾ. "ನೀನೂ ಚಲೋ ಮಾಡಿದಿ, ಕಲಬುರ್ಗಿಯಿಂದ ಬಂದು ಬಿಟ್ಟದ್ದು. ನಾ ಆಗ ಅಂದಿರಲಿಲ್ಲ." ನಿಷತ ಏನಾದರೂ ಹೇಳುವ ಮೊದಲೇ ಗುಳಿಗೆ ತೆಗೆದುಕೊಳ್ಳುವ ಹೊತ್ತಾಯಿತೆಂದು ಫೋನಿಟ್ಟಳು.

ಹತ್ತನೆಯ ಹಾಳೆ ಬರೆದು ಕಳಿಸಿದಾಗ ಎರಡು ದಿನಕ್ಕೆ ಸರಿಯಾಗಿ ಪ್ರಶ್ನೆ ಬಂತು. 'ಅವಳು ಕೇಳಿಸಿಯೂ ತಿರುಗಲಿಲ್ಲವೋ, ಅವಳಿಗೆ ಕೇಳಿಸಲೇ ಇಲ್ಲವೋ? ನನಗೆ ಗೊತ್ತಿಲ್ಲ. ಈ ಸಲ ಖರೇನೇ ಕೇಳುತ್ತಿದ್ದೇನೆ.' ನಿಷತ ಅದನ್ನು ಓದಿ, ಆ ಹತ್ತು ಪದ್ಯವನ್ನು ಮತ್ತೆ ತೆಗೆದಳು. ತನಗೂ ಗೊತ್ತಿಲ್ಲವೆಂದು ಉತ್ತರ ಬರೆದಳು.

ಡಿಸೆಂಬರಿನಲ್ಲಿ ಎರಡು ಪುಸ್ತಕ ಉಳಿದಿದ್ದವು. ಮುಂಜಾನೆ ಒಂದು ತಾಸು, ಸಂಜೆ ಎರಡು ತಾಸು ಓದಿದಳು. ಆಚೆ ಕಡೆ ಯಾರೂ ಪುಟ ತೆರೆದಿಲ್ಲ ಎಂಬುದು ಈಗ ಪ್ರತಿ ಸಂಜೆಯೂ ನೆನಪಾಗುತ್ತಿತ್ತು. ಮೊದಮೊದಲು ಹಲ್ಲುನೋವಿನಂತೆ ಚುಚ್ಚಿತು, ಆಮೇಲೆ ಅದಿದ್ದಂತೆಯೇ ಓದು ಸಾಗಿತು. ಹನ್ನೊಂದನೆಯದು ಹಿಡಿಸಲಿಲ್ಲ, ಬರೀ ವರ್ಣನೆ. ಹಾಗೆಂದೇ ಹಾಳೆಯಲ್ಲಿ ಬರೆದಳು. ಹನ್ನೆರಡನೆಯದರ ಕೊನೆಯ ಸಂಧಿಯನ್ನು ಬೇಕೆಂದೇ ಉಳಿಸಿಕೊಂಡಳು. 'ಇದೇ ರವಿವಾರ ಇಂಡಿಯಲ್ಲಿ ಕೊನೆಯ ಸಭೆ. ನಾನು ಹನ್ನೊಂದಕ್ಕೆ ಅಲ್ಲಿರುತ್ತೇನೆ' ಎಂದು ಗುಂಪಿಗೆ ಹಾಕಿದಳು. ಆರು ಹೆಬ್ಬೆಟ್ಟು ಬಿದ್ದವು.

ಯಾರೂ ಬರಲಿಕ್ಕಿಲ್ಲ ಎಂದು ಗೊತ್ತಿದ್ದೇ ಹೋದಳು. ಯಾರೂ ಬರಲಿಲ್ಲ. ಅಲ್ಲಿನ ಗ್ರಂಥಾಲಯಕ್ಕೆ ಬೀಗ ಹಾಕಿತ್ತು. ಅದರ ಮುಂದಿನ ಕಲ್ಲಿನ ಬೆಂಚಿನ ಮೇಲೆ ಚಳಿಗಾಲದ ಎಳೆ ಬಿಸಿಲಿತ್ತು. ಬ್ಯಾಗನ್ನು ಮಗ್ಗುಲಿಗಿಟ್ಟು, ಹನ್ನೆರಡೂವರೆಯವರೆಗೆ ರಸ್ತೆಯ ಕಡೆ ಒಂದು ಕಣ್ಣಿಟ್ಟು ಕಾದಳು. ನಂತರ ಪುಸ್ತಕ ತೆಗೆದು ಓದತೊಡಗಿದಳು, ಸಣ್ಣ ದನಿಯಲ್ಲಿ, ಆದರೆ ಬಾಯಿ ಬಿಟ್ಟು. ಕಾಯಿಪಲ್ಲೆ ಗಾಡಿಯವನೊಬ್ಬ ನಿಂತು ನೋಡಿ ಮುಂದೆ ಹೋದ. ಎರಡು ಗಂಟೆ ದಾಟಿದ ಮೇಲೆ ಕೊನೆಯ ಪದ್ಯ ಬಂತು. ಕವಿ ಅದರಲ್ಲಿ ತನ್ನ ಹೆಸರು ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಕೈಮುಗಿದಿದ್ದ. ಅದರ ಕೆಳಗೆ ಅರ್ಧ ಪುಟ ಖಾಲಿ.

ಮುಗಿದಿತ್ತು. ನಿಷತ ಎದ್ದು ನಿಂತಳು, ಯಾಕೆ ಎದ್ದೆ ಎಂದು ತಿಳಿಯದೆ ಮತ್ತೆ ಕೂತಳು. ಎದೆಯಲ್ಲಿ ದೊಡ್ಡದೊಂದು ಸಂತೋಷ ಬಂದು ನಿಂತಿತ್ತು, ಅದನ್ನು ಇಳಿಸಲು ಜಾಗವಿರಲಿಲ್ಲ. ಗುಂಪಿಗೆ 'ಹನ್ನೆರಡೂ ಮುಗಿದವು' ಎಂದು ಬರೆದಳು. ತುಸು ಹೊತ್ತಿಗೆ ಅನೀಲಕುಮಾರ ಚಪ್ಪಾಳೆಯ ಚಿತ್ರ ಹಾಕಿದ, ಅದರ ಹಿಂದೆಯೇ ಹೊಸ ವರ್ಷದ ಮುಂಗಡ ಶುಭಾಶಯ. ಅವಳು ಬಾಗೇವಾಡಿಗೆ ಫೋನು ಹಚ್ಚಿದಳು. ಈ ಸಲ ವಿದ್ಯಾವತಿಯವರೇ ಎತ್ತಿದರು.

"ಮುಗೀತ್ರಿ ಅಕ್ಕಾರ."

"ಎಲ್ಲಿದ್ದೀ?"

"ಇಂಡ್ಯಾಗ."

"ಯಾರ ಬಂದಾರ?"

"ಯಾರೂ ಇಲ್ರಿ."

"ನಾ ಹಚ್ಚಿದ ಪಂಥಾ ನೀ ಒಬ್ಬಾಕಿ ಮುಗಿಸಿದಿ. ನಾ ಅಲ್ಲಿ ಇರಬೇಕಾಗಿತ್ತು."

"ನಾ ರವಿವಾರಕ್ಕೊಮ್ಮಿ ಬಾಗೇವಾಡಿಗೆ ಬಂದು ಓದಿ ಹೇಳಲೇನ್ರಿ? ನೀವು ಓದಬೇಕಂದದ್ದು ಏಳೂ?"

"ಬ್ಯಾಡ," ಎಂದರು ತಟ್ಟನೆ. "ಓದಿ ಹೇಳಾಕ ಬರಬ್ಯಾಡ. ಕುಂತು ಓದಿಸ್ಕೊಳ್ಳೂದು ನನಗ ಆಗೂದಿಲ್ಲ, ಹೊಟ್ಯಾಗ ಉರೀತೈತಿ." ಮತ್ತೆ ದನಿ ಇಳಿಸಿ, "ಬರೂದಿದ್ರ ಸುಮ್ನ ಬಾ. ಚಾ ಕುಡದು ಹೋಗು," ಎಂದರು.

"ಬರ್ತೇನ್ರಿ," ಎಂದಳು ನಿಷತ.

ನಾಲ್ಕು ಗಂಟೆಯ ಸಿಂದಗಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮಗ್ಗುಲಿಗೆ ತೊಗರಿ ಕಟಾವಿಗೆ ಕೂಲಿ ಹೋಗಿ ಬಂದ ಹೆಂಗಸೊಬ್ಬಳು ಕೂತಳು. ಕುಡುಗೋಲನ್ನು ಅರಿವೆಯಲ್ಲಿ ಸುತ್ತಿ ಕಾಲ ಕೆಳಗೆ ಇಟ್ಟುಕೊಂಡು, ನಿಷತಳ ಮಡಿಲಲ್ಲಿದ್ದ ದಪ್ಪ ಪುಸ್ತಕ ನೋಡಿದಳು.

"ಪರೀಕ್ಷಾ ಐತೇನ್ರಿ ಅಕ್ಕಾ?"

"ಇಲ್ಲವ್ವಾ. ಸುಮ್ನ ಓದಿದೆ. ಇವತ್ತ ಮುಗೀತು."

"ಅಷ್ಟೂ?"

"ಅಷ್ಟೂ."

"ಚಲೋ ಆತ ಬಿಡ್ರಿ," ಎಂದಳು ಆ ಹೆಂಗಸು, ಕೆಲಸ ಮುಗಿಸಿದ ಒಬ್ಬರು ಇನ್ನೊಬ್ಬರಿಗೆ ಹೇಳುವಂತೆ. ಊರು ದಾಟುವುದರೊಳಗೆ ಅವಳಿಗೆ ಜೋಂಪು ಹತ್ತಿತು. ರಸ್ತೆಯ ಒಂದು ತಗ್ಗಿಗೆ ಬಸ್ಸು ಜಿಗಿದಾಗ ತಲೆ ವಾಲಿ ನಿಷತಳ ಭುಜದ ಮೇಲೆ ಬಂತು, ಅಲ್ಲೇ ನಿಂತಿತು. ಕೂದಲಲ್ಲಿ ತೊಗರಿಯ ಹೊಟ್ಟು, ಬಿಸಿಲಿನ ವಾಸನೆ. ಹೊರಗೆ ಕಟಾವಾದ ಹೊಲಗಳು ಒಂದರ ಹಿಂದೆ ಒಂದು ಸರಿಯುತ್ತಿದ್ದವು. ನಿಷತಳ ತೋಳು ಜೋಮು ಹಿಡಿಯಿತು. ಆ ಹೆಂಗಸಿಗೆ ಎಚ್ಚರವಾಗದಿರಲೆಂದು ಸಿಂದಗಿ ಬರುವ ತನಕ ಅಲುಗಾಡದೆ ಕೂತಳು.